ಕ್ಯಾಮೆರಾ ಕೆಟ್ಟಿತೆಂದು ಅಂಗಡಿಗೆ ಒಯ್ಯುವ ಮುನ್ನ

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಹಾವೇರಿ ಕಡೆಯ ತರುಣರೊಬ್ಬರು ನಮ್ಮ ವಾಚನಾಲಯಕ್ಕೆ ಬಂದರು. ಪೆರುಂಗುಡಿಯ ಕಂಪೆನಿಯೊಂದರಲ್ಲಿ ಅವರಿಗೆ ಲೆಕ್ಕಪತ್ರದ ಗುಮಾಸ್ತೆಯ ಕೆಲಸ. ರಜಾ ದಿನಗಳಲ್ಲಿ ಮದುವೆ, ಸೀಮಂತ, ನಾಮಕರಣಗಳ ಫೋಟೋ ತೆಗೆದು ನಾಲ್ಕು ಕಾಸು ಕಾಣುವವರು. ಅಂದು ಅವರು ಪತ್ರಿಕೆ ಓದಲು ಬಂದಿರಲಿಲ್ಲ. ಕೈಯಲ್ಲಿ ಒಂದು ಚೀಟಿ ಇತ್ತು.

"ಸರ, ಇದನ್ನ ಬೋರ್ಡಿಗೆ ಹಚ್ಚಲೇನ್ರಿ?" ಎಂದು ಕೇಳಿದರು.

ಚೀಟಿಯನ್ನು ನೋಡಿದೆವು. ಕ್ಯಾಮೆರಾ ಒಂದು, ಲೆನ್ಸ್ ಎರಡು ಮಾರಾಟಕ್ಕಿವೆ, ಬಂದ ಬೆಲೆಗೆ ಕೊಡಲಾಗುವುದು ಎಂದು ಬರೆದಿತ್ತು. ನಮ್ಮ ಹಿರಿಯ ಸದಸ್ಯರೊಬ್ಬರು ಹಿಂದೆ ಮೂವತ್ತು ವರ್ಷ ಸ್ಟುಡಿಯೋದಲ್ಲಿ ಕೆಲಸ ಮಾಡಿದವರು. "ಯಾಕಪ್ಪ, ಏನಾಯಿತು?" ಎಂದು ಅವರು ಕೇಳಿದ ಮೇಲೆ ಸಂಗತಿ ಹೊರಬಿತ್ತು. ಮೂರು ತಿಂಗಳ ಸಂಬಳದಷ್ಟು ಹಣ ಕೊಟ್ಟು, ಅದರಲ್ಲಿ ಅರ್ಧವನ್ನು ಚೀಟಿ ಎತ್ತಿ ಹೊಂದಿಸಿ, ಇನ್ನೊಬ್ಬರು ಬಳಸಿದ್ದ ದೊಡ್ಡ ಕ್ಯಾಮೆರಾವನ್ನೂ ಅದಕ್ಕೆ ತಕ್ಕ ಲೆನ್ಸುಗಳನ್ನೂ ಕೊಂಡಿದ್ದರು. ಎರಡು ತಿಂಗಳಿಂದ ಚಿತ್ರಗಳು ಚೊಕ್ಕವಾಗಿ ಬರುತ್ತಿಲ್ಲ. ಮುಖ ಮಸುಕು, ಕಣ್ಣಿನ ರೆಪ್ಪೆ ಕಾಣದು. ರಿಪೇರಿ ಅಂಗಡಿಯವರು ದೊಡ್ಡ ಲೆನ್ಸಿನ ಒಳಗೇ ಹೋಗಿದೆ ಎಂದು ಹೇಳಿ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳವನ್ನು ಕೇಳಿದ್ದರು. ಊರಿನಲ್ಲಿ ತಂಗಿಯ ಮದುವೆಗೆ ಇನ್ನು ಆರು ವಾರ. ಆ ಮದುವೆಯ ಚಿತ್ರಗಳನ್ನು ತಾವೇ ತೆಗೆಯುವುದೆಂದು ಮನೆಯವರಿಗೆ ಮಾತು ಕೊಟ್ಟಿದ್ದರು. "ಮಾರಿ ಸಾಲ ತೀರಿಸಿಬಿಡ್ತೀನ್ರಿ, ಸಾಕಾಗೈತಿ" ಎಂದರು.

ಚೀಟಿಯನ್ನು ಒಂದು ವಾರ ಜೇಬಿನಲ್ಲೇ ಇಟ್ಟುಕೊಳ್ಳಿರೆಂದು ನಾವು ಹೇಳಿದೆವು. ಆ ವಾರದಲ್ಲಿ ನಾವು ಕೂಡಿ ಪರೀಕ್ಷಿಸಿ ಕಂಡುಕೊಂಡದ್ದನ್ನೂ, ಆ ನೆವದಿಂದ ಓದಿ ಕೇಳಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಓದುಗರಲ್ಲಿ ದುಡಿಮೆಯ ಹಣದಿಂದ ಇಂಥ ಯಂತ್ರ ಕೊಂಡವರು ಒಬ್ಬಿಬ್ಬರಲ್ಲ ಎಂಬುದು ನಮಗೆ ಗೊತ್ತು.

ಫಿಲ್ಮಿನ ಕ್ಯಾಮೆರಾವನ್ನು ಕಂಡವರಿಗೆ ಡಿಜಿಟಲ್ ಕ್ಯಾಮೆರಾ ತೀರ ಹೊಸದೇನಲ್ಲ. ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಈಗ ಬೆಳಕನ್ನು ಹಿಡಿಯುವ ಸೆನ್ಸರ್ ಎಂಬ ಹಲಗೆ ಕುಳಿತಿದೆ. ಹೆಚ್ಚು ಬೆಲೆಯ ಕ್ಯಾಮೆರಾಗಳನ್ನು 'ಫುಲ್ ಫ್ರೇಮ್' ಎಂದು ಕರೆಯುವುದುಂಟಷ್ಟೆ. ಅವುಗಳ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇರುತ್ತದೆ. ಇದು ಹಳೆಯ 35 ಮಿ.ಮೀ. ಫಿಲ್ಮಿನ ಒಂದು ಚಿತ್ರದ ಅಳತೆಯೇ. 1975ರಲ್ಲಿ ಅಮೆರಿಕದ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಜೋಡಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡು ತೆಗೆದುಕೊಂಡಿತು. ಇಂದಿನವು ಅಷ್ಟು ಹೊತ್ತಿನಲ್ಲಿ ನೂರಾರು ಚಿತ್ರ ತೆಗೆಯಬಲ್ಲವು. ಲೆನ್ಸಿನೊಳಗೆ ಅದರದೇ ಮೋಟಾರು ಮತ್ತು ಚಿಕ್ಕದೊಂದು ಗಣಕ ಇರುತ್ತವೆ. ಲೆನ್ಸಿನ ಹಿಂಬದಿಯ ಬಳೆಯಲ್ಲಿ ಸಾಲಾಗಿ ಕಾಣುವ ಹೊಂಬಣ್ಣದ ಚುಕ್ಕೆಗಳ ಮೂಲಕ ಅದು ಕ್ಯಾಮೆರಾದೊಡನೆ ಮಾತಾಡುತ್ತದೆ. ಕ್ಯಾಮೆರಾಗಳಲ್ಲಿ ಎರಡು ಜಾತಿ. ಒಳಗೆ ಕನ್ನಡಿ ಇದ್ದು ಚಿತ್ರ ತೆಗೆಯುವಾಗ ಅದು ಮೇಲಕ್ಕೆ ಹಾರುವಂಥದು ಡಿ.ಎಸ್.ಎಲ್.ಆರ್., ಕನ್ನಡಿಯೇ ಇಲ್ಲದ್ದು ಮಿರರ್‌ಲೆಸ್. ಈ ಭೇದ ಮುಂದೆ ನಮಗೆ ಬೇಕಾಗುತ್ತದೆ.

ಇಲ್ಲಿ ಒಂದು ಸ್ವಾರಸ್ಯದ ಮಾತನ್ನು ಬಿಡಲಾರೆವು. ಕ್ಯಾನನ್ ಎಂಬ ಹೆಸರು ಹುಟ್ಟಿದ್ದು ಕ್ವಾನೊನ್ ಎಂಬುದರಿಂದ. 1934ರಲ್ಲಿ ಜಪಾನಿನಲ್ಲಿ ತಯಾರಾದ ಮೊದಲ ಮಾದರಿ ಕ್ಯಾಮೆರಾಕ್ಕೆ ಅವರು ಕರುಣೆಯ ಬೋಧಿಸತ್ವನ ಹೆಸರಿಟ್ಟಿದ್ದರು. ಜಪಾನಿಗರ ಕ್ವಾನೊನ್ ಎಂದರೆ ಸಂಸ್ಕೃತದ ಅವಲೋಕಿತೇಶ್ವರ. ಮಂಗಳೂರಿನ ಕದ್ರಿ ದೇವಾಲಯದಲ್ಲಿ ಕ್ರಿ.ಶ. 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೋಡಿದವರು ನಮ್ಮಲ್ಲಿ ಇದ್ದಾರೆ. ಆ ಮೂರ್ತಿಯೂ ಅವಲೋಕಿತೇಶ್ವರನದೇ ಎಂದು ವಿದ್ವಾಂಸರು ಹೇಳುತ್ತಾರೆ. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡವರಿಗೆ ಕರುಣೆ ಬೇಕಾಗುವ ಸಂದರ್ಭಗಳೇನೋ ಹಲವು ಬರುತ್ತವೆ.

ಇನ್ನು ಪರೀಕ್ಷೆಯ ಮಾತು. ಮನೆಯಲ್ಲಿ ದೀಪ ಹತ್ತದಿದ್ದರೆ ನಾವು ಮೊದಲು ಬಲ್ಬನ್ನು ಬೇರೆ ಹೋಲ್ಡರಿಗೆ ಹಾಕಿ ನೋಡುತ್ತೇವೆ. ಅಲ್ಲಿ ಹತ್ತಿದರೆ ದೋಷ ಬಲ್ಬಿನದಲ್ಲ. ಕ್ಯಾಮೆರಾದಲ್ಲೂ ಇದೇ ದಾರಿ. ಅದೇ ಲೆನ್ಸನ್ನು ಗೆಳೆಯರ ಕ್ಯಾಮೆರಾಕ್ಕೂ, ಗೆಳೆಯರ ಲೆನ್ಸನ್ನು ನಮ್ಮ ಕ್ಯಾಮೆರಾಕ್ಕೂ ಹಾಕಿ ನೋಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ನಾಲ್ಕು ಗುಂಡಿಗಳನ್ನು ಒಟ್ಟಿಗೆ ತಿರುಗಿಸಿ ಸರಿಯಾಯಿತೆಂದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ, ನಾಳೆ ಅದೇ ತೊಂದರೆ ಮರಳಿದಾಗ ಮೊದಲಿನಿಂದ ಹೊರಡಬೇಕಾಗುತ್ತದೆ.

ಮಸುಕಾದ ಚಿತ್ರಕ್ಕೆ ಅತಿ ಸಾಮಾನ್ಯವಾದ ಕಾರಣ ಕೈಯ ಅಲುಗಾಟ. 200 ಮಿ.ಮೀ. ಲೆನ್ಸಿಗೆ ಸೆಕೆಂಡಿನ 1/200 ಭಾಗಕ್ಕಿಂತ, 400 ಮಿ.ಮೀ. ಲೆನ್ಸಿಗೆ 1/400 ಭಾಗಕ್ಕಿಂತ ನಿಧಾನವಾದ ಶಟರ್ ವೇಗದಲ್ಲಿ ಕೈಯಲ್ಲಿ ಹಿಡಿದು ತೆಗೆಯಬಾರದೆಂದು ಹಳಬರ ಲೆಕ್ಕ. ಇಂದಿನ ಲೆನ್ಸುಗಳಲ್ಲಿ ಅಲುಗಾಟವನ್ನು ಸರಿದೂಗಿಸುವ ವ್ಯವಸ್ಥೆ ಇದೆಯೆಂಬುದು ನಿಜ. ಆದರೆ ಅದು ಸರಿಪಡಿಸುವುದು ನಮ್ಮ ಕೈಯ ನಡುಕವನ್ನೇ ಹೊರತು ಅಕ್ಷತೆ ಎರಚುವವರ ಕೈಯನ್ನಲ್ಲ, ಹಾರುವ ಹಕ್ಕಿಯ ರೆಕ್ಕೆಯನ್ನೂ ಅಲ್ಲ. ಹಾರುವ ಹಕ್ಕಿಗೆ 1/2000 ಬೇಕು. ನಮ್ಮ ತರುಣರ ಚಿತ್ರಗಳನ್ನು ಗಣಕದಲ್ಲಿ ತೆರೆದು ನೋಡಿದೆವು. ಪ್ರತಿ ಚಿತ್ರದೊಡನೆ ಅದನ್ನು ಯಾವ ವೇಗದಲ್ಲಿ, ಯಾವ ಕಿಂಡಿಯಲ್ಲಿ ತೆಗೆದದ್ದೆಂದು ಬರೆದಿರುತ್ತದೆ. ವೇಗ ಸಾಕಷ್ಟಿತ್ತು, ಕೈಯದು ತಪ್ಪಲ್ಲ.

ಎರಡನೆಯದಾಗಿ ಲೆನ್ಸಿನ ಮುಂದಿನ ಗಾಜು. ರಕ್ಷಣೆಗೆಂದು ಮುಂಭಾಗಕ್ಕೆ ತಿರುಚಿ ಕೂರಿಸುವ ಫಿಲ್ಟರುಗಳಲ್ಲಿ ಒಳ್ಳೆಯವೂ ಇವೆ, ಕಿಟಕಿಯ ಗಾಜಿಗಿಂತ ಕಡೆಯಾದವೂ ಇವೆ. ಲಕ್ಷ ರೂಪಾಯಿಯ ಲೆನ್ಸಿನ ಮುಂದೆ ಇನ್ನೂರು ರೂಪಾಯಿಯ ಫಿಲ್ಟರ್ ಹಾಕಿದರೆ ಚಿತ್ರ ಇನ್ನೂರು ರೂಪಾಯಿಯದೇ ಆಗಿ ಬರುತ್ತದೆ. ಲೆನ್ಸ್ ಉದ್ದವಾದಷ್ಟೂ ಈ ದೋಷ ಹೆಚ್ಚು ತೋರುತ್ತದೆ. ಇವರ ಲೆನ್ಸಿನ ಮೇಲೂ ಅಂಥದೊಂದಿತ್ತು. ತೆಗೆದು ನೋಡಿದಾಗ ಚಿತ್ರ ಸ್ವಲ್ಪ ತಿಳಿಯಾಯಿತು, ಪೂರ್ತಿ ಅಲ್ಲ.

ಮೂರನೆಯದು ಫೋಕಸ್. ಇದನ್ನು ತುಸು ಬಿಡಿಸಿ ಹೇಳಬೇಕು. ಕನ್ನಡಿಯುಳ್ಳ ಕ್ಯಾಮೆರಾದಲ್ಲಿ ವಸ್ತು ಎಷ್ಟು ದೂರದಲ್ಲಿದೆಯೆಂದು ನಿಶ್ಚಯಿಸುವುದು ಚಿತ್ರ ಹಿಡಿಯುವ ಸೆನ್ಸರಲ್ಲ, ಕನ್ನಡಿಯ ಕೆಳಗೆ ಬೇರೆಯಾಗಿ ಇಟ್ಟಿರುವ ಒಂದು ಪುಟ್ಟ ಸಾಧನ. ಕಣ್ಣಿನಳತೆ ಹೇಳುವವನೊಬ್ಬ, ಗೋಡೆ ಕಟ್ಟುವವನೊಬ್ಬ ಇದ್ದಂತೆ. ಇವರಿಬ್ಬರ ಲೆಕ್ಕದಲ್ಲಿ ಕೂದಲೆಳೆಯ ವ್ಯತ್ಯಾಸ ಬಂದರೂ ಫೋಕಸ್ ಮುಂದಕ್ಕೋ ಹಿಂದಕ್ಕೋ ಬೀಳುತ್ತದೆ. ಅಗ್ಗದ ಲೆನ್ಸಿನಲ್ಲಿ ಇದು ಕಾಣಿಸದೆ ಹೋಗಬಹುದು, ದುಬಾರಿಯದರಲ್ಲಿ ಕಾಣುತ್ತದೆ. ಏಕೆಂದರೆ ಬೆಲೆ ಹೆಚ್ಚಿದಂತೆಲ್ಲ ಲೆನ್ಸಿನ ಕಿಂಡಿಯೂ ದೊಡ್ಡದು, ಕಿಂಡಿ ದೊಡ್ಡದಾದಷ್ಟೂ ಚೊಕ್ಕವಾಗಿ ಬರುವ ಆಳ ಕಡಿಮೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 200 ಮಿ.ಮೀ. ಲೆನ್ಸನ್ನು ಎಫ್ 2.8 ಕಿಂಡಿಯಲ್ಲಿಟ್ಟು ಮೂರು ಮೀಟರ್ ದೂರದ ಮದುಮಗಳ ಮುಖ ತೆಗೆದರೆ ಚೊಕ್ಕವಾಗಿ ಬರುವ ಆಳ ಸುಮಾರು ನಾಲ್ಕು ಸೆಂಟಿಮೀಟರ್ ಮಾತ್ರ. ಮೂಗುತಿ ಸ್ಪಷ್ಟವಾಗಿ ಬಂದರೆ ಕಿವಿಯ ಓಲೆ ಬರದು. ಹೀಗಿರುವಲ್ಲಿ ಎರಡು ಸೆಂಟಿಮೀಟರ್ ತಪ್ಪಿದರೂ ಕಣ್ಣು ಮಸುಕು. ಯಂತ್ರ ಕೆಟ್ಟಿತೆಂದು ನಾವು ತಿಳಿಯುತ್ತೇವೆ.

ಇದನ್ನು ಪರೀಕ್ಷಿಸುವ ಬಗೆ ಸುಲಭ. ಗೋಡೆಗೆ ಒಂದು ದಿನಪತ್ರಿಕೆಯ ಹಾಳೆಯನ್ನು ಅಂಟಿಸಿ, ಎದುರಿಗೆ ಮುಕ್ಕಾಲಿಯ ಮೇಲೆ ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ, ಲೆನ್ಸಿನ ಅಳತೆಯ ಐವತ್ತು ಪಟ್ಟು ದೂರದಿಂದ ತೆಗೆಯಬೇಕು. 200 ಮಿ.ಮೀ. ಲೆನ್ಸಿಗೆ ಹತ್ತು ಮೀಟರ್ ಆಯಿತು. ನಮ್ಮ ವಾಚನಾಲಯದ ಕೋಣೆ ಅಷ್ಟು ಉದ್ದವಿಲ್ಲವಾದ್ದರಿಂದ ಹೊರಗಿನ ಪಡಸಾಲೆಗೆ ಹೋದೆವು. ಮೆಟ್ಟಿಲು ಹತ್ತಿಳಿಯುವ ನೆರೆಯವರೆಲ್ಲ ನಿಂತು ನೋಡಿದರು. ಕಿಂಡಿಯನ್ನು ಪೂರ್ತಿ ತೆರೆದು, ಅಲುಗಾಟ ತಡೆಯುವ ಗುಂಡಿಯನ್ನು ಆರಿಸಿ, ಮೊದಲು ಕಣ್ಣುಗಿಂಡಿಯ ಮೂಲಕ ಫೋಕಸ್ ಮಾಡಿ ಹತ್ತು ಚಿತ್ರ, ಆಮೇಲೆ ಹಿಂಬದಿಯ ತೆರೆಯಲ್ಲಿ ನೋಡುತ್ತ 'ಲೈವ್ ವ್ಯೂ' ವಿಧಾನದಿಂದ ಹತ್ತು ಚಿತ್ರ ತೆಗೆದೆವು. ಈ ಎರಡನೆಯ ವಿಧಾನದಲ್ಲಿ ಫೋಕಸನ್ನು ನಿಶ್ಚಯಿಸುವುದು ಸೆನ್ಸರೇ, ಕನ್ನಡಿಯ ಕೆಳಗಿನ ಸಾಧನಕ್ಕೆ ಅಲ್ಲಿ ಕೆಲಸವಿಲ್ಲ. ಫಲಿತಾಂಶ ಕಣ್ಣಿಗೆ ಕಟ್ಟುವಂತಿತ್ತು. ಎರಡನೆಯ ಹತ್ತರಲ್ಲಿ ಪತ್ರಿಕೆಯ ಸಣ್ಣ ಜಾಹೀರಾತುಗಳನ್ನೂ ಓದಬಹುದಿತ್ತು. ಮೊದಲ ಹತ್ತರಲ್ಲಿ ತಲೆಬರಹ ಮಾತ್ರ.

ಎಂದಮೇಲೆ ಲೆನ್ಸಿನ ಗಾಜುಗಳಲ್ಲಿ ಏನೂ ದೋಷವಿರಲಿಲ್ಲ. ಕ್ಯಾಮೆರಾ ಮತ್ತು ಲೆನ್ಸಿನ ಲೆಕ್ಕ ಹೊಂದಿರಲಿಲ್ಲ, ಅಷ್ಟೆ. ಇದನ್ನು ಸರಿಪಡಿಸುವ ಸೌಕರ್ಯ ಮೇಲ್ದರ್ಜೆಯ ಅನೇಕ ಕ್ಯಾಮೆರಾಗಳ ಒಳಗೇ ಇರುತ್ತದೆ. ಕ್ಯಾನನ್ನಿನಲ್ಲಿ ಅದಕ್ಕೆ ಎ.ಎಫ್. ಮೈಕ್ರೋ ಅಡ್ಜಸ್ಟ್‌ಮೆಂಟ್ ಎಂದೂ ನಿಕಾನಿನಲ್ಲಿ ಎ.ಎಫ್. ಫೈನ್ ಟ್ಯೂನ್ ಎಂದೂ ಹೆಸರು. ಎರಡರಲ್ಲೂ ಆಚೆಗೆ ಇಪ್ಪತ್ತು, ಈಚೆಗೆ ಇಪ್ಪತ್ತು ಮನೆಗಳಿವೆ. ಫೋಕಸ್ ಮುಂದಕ್ಕೆ ಬೀಳುತ್ತಿದ್ದರೆ ಕೂಡಿಸುವ ಕಡೆಗೆ, ಹಿಂದಕ್ಕೆ ಬೀಳುತ್ತಿದ್ದರೆ ಕಳೆಯುವ ಕಡೆಗೆ ಒಂದೊಂದೇ ಮನೆ ಸರಿಸಿ ಮತ್ತೆ ಚಿತ್ರ ತೆಗೆದು ನೋಡಬೇಕು. ನಮ್ಮ ತರುಣರದು ಏಳನೆಯ ಮನೆಯಲ್ಲಿ ಕೂತಿತು. ಖರ್ಚು, ಒಂದು ಮಧ್ಯಾಹ್ನ ಮತ್ತು ಎಲ್ಲರಿಗೂ ಎರಡೆರಡು ಲೋಟ ಕಾಫಿ. ಕಡಿಮೆ ಬೆಲೆಯ ಡಿ.ಎಸ್.ಎಲ್.ಆರ್. ಕ್ಯಾಮೆರಾಗಳಲ್ಲಿ ಈ ಸೌಕರ್ಯವನ್ನು ಹೆಚ್ಚಾಗಿ ಕೊಟ್ಟಿರುವುದಿಲ್ಲ, ಅವನ್ನು ಅಂಗಡಿಗೇ ಒಯ್ಯಬೇಕು. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಫೋಕಸ್ ಮಾಡುವುದೂ ಚಿತ್ರ ಹಿಡಿಯುವುದೂ ಒಂದೇ ಸೆನ್ಸರಾದ್ದರಿಂದ ಈ ಕಾಟ ಬಹುಮಟ್ಟಿಗೆ ಇಲ್ಲ.

ಮಸುಕಿಗೆ ಇನ್ನೊಂದು ಕಾರಣವನ್ನು ನಾವು ಪಳ್ಳಿಕರಣೈಯಲ್ಲಿ ಕಲಿತೆವು. ಪೆರುಂಗುಡಿಯ ಬೆನ್ನಿಗೇ ಇರುವ ಈ ಜೌಗುನೆಲದ ಸುಮಾರು 1,248 ಹೆಕ್ಟೇರ್ 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಒಂದು ಅಂಚಿನಲ್ಲಿ ದಶಕಗಳ ಕಾಲ ನಗರದ ಕಸ ಸುರಿದ ಬಯಲು, ಇನ್ನೊಂದು ಅಂಚಿನಲ್ಲಿ ಗಾಜಿನ ಕಚೇರಿಗಳು. ಆದರೂ ಚಳಿಗಾಲದಲ್ಲಿ ಫ್ಲೆಮಿಂಗೊ, ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಇಳಿಯುತ್ತವೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಯನ್ನು ಮನೆಯಂಗಳದ ಮರದಲ್ಲಿ ಕಂಡ ನಮ್ಮವರಿಗೆ ಇಲ್ಲಿ ಅದೇ ಹಕ್ಕಿಯನ್ನು ನೋಡುವುದೆಂದರೆ ಊರಿನವರನ್ನು ಕಂಡಷ್ಟೇ ಸಂತೋಷ. ತೊರೈಪಾಕ್ಕಂನಿಂದ ಪಲ್ಲಾವರಕ್ಕೆ ಹೋಗುವ ರಸ್ತೆ ಈ ನೆಲವನ್ನು ಸೀಳಿಕೊಂಡು ಹೋಗುತ್ತದೆ. ಭಾನುವಾರ ಬೆಳಿಗ್ಗೆ ಅಲ್ಲಿ ಮೊಳಕೈಯುದ್ದದ ಲೆನ್ಸ್ ಹಿಡಿದವರು ಸಾಲಾಗಿ ನಿಂತಿರುತ್ತಾರೆ. ನಮ್ಮ ಗುಂಪಿನವರೂ ಹೋಗಿ, ಹತ್ತು ಗಂಟೆಗೆ ಫ್ಲೆಮಿಂಗೊಗಳ ಚಿತ್ರ ತೆಗೆದು, ಒಂದೂ ಚೊಕ್ಕವಾಗಿ ಬರಲಿಲ್ಲವೆಂದು ಬೇಸರದಿಂದ ಬಂದರು. ಅದೇ ಲೆನ್ಸಿನಲ್ಲಿ ಆರೂವರೆ ಗಂಟೆಗೆ ತೆಗೆದ ಚಿತ್ರಗಳಲ್ಲಿ ಗರಿ ಗರಿಯೂ ಎಣಿಸುವಂತಿತ್ತು. ಬಿಸಿಲೇರಿದ ಮೇಲೆ ಕಾದ ನೆಲದಿಂದ, ಅದಕ್ಕೂ ಹೆಚ್ಚಾಗಿ ಡಾಮರು ರಸ್ತೆಯಿಂದ, ಗಾಳಿ ಕುದಿಯುತ್ತ ಏಳುತ್ತದೆ. ಒಲೆಯ ಉರಿಯ ಮೇಲಿಂದ ಆಚೆಯ ಗೋಡೆಯನ್ನು ನೋಡಿದರೆ ಅದು ನಡುಗುವಂತೆ ಕಾಣುವುದಿಲ್ಲವೆ, ಹಾಗೆಯೇ. ನೂರಿನ್ನೂರು ಮೀಟರ್ ದೂರದ ಹಕ್ಕಿಯನ್ನು ಈ ಗಾಳಿಯ ಮೂಲಕ ತೆಗೆದರೆ ಎಂಥ ಲೆನ್ಸಿಗೂ ಸಾಧ್ಯವಾಗದು. ಬೇಗ ಏಳುವುದು, ಇಲ್ಲವೆ ಹತ್ತಿರ ಬರುವ ಹಕ್ಕಿಗಾಗಿ ಕಾಯುವುದು, ಇವೆರಡೇ ಉಪಾಯ.

ಯಂತ್ರದ ಬೆಲೆಯ ಮಾತು ಬಂದಾಗ ಮದರಾಸಿನ ಎಂ. ಕೃಷ್ಣನ್ ಅವರ ನೆನಪಾಗುತ್ತದೆ. 1912ರಿಂದ 1996ರವರೆಗೆ ಬಾಳಿದ ಈ ಪ್ರಕೃತಿಶಾಸ್ತ್ರಜ್ಞರು ನಮ್ಮ ಬಳ್ಳಾರಿ ಸೀಮೆಯ ಸಂಡೂರು ಸಂಸ್ಥಾನದಲ್ಲಿ 1940ರ ದಶಕದಲ್ಲಿ ನೌಕರಿ ಮಾಡಿದವರು. ಬೇರೆ ಬೇರೆ ಕ್ಯಾಮೆರಾಗಳ ಭಾಗಗಳನ್ನು ತಾವೇ ಜೋಡಿಸಿದ ಒಂದು ಭಾರವಾದ ಯಂತ್ರಕ್ಕೆ 'ಸೂಪರ್ ಪಾಂಡರೋಸಾ' ಎಂದು ತಮಾಷೆಯ ಹೆಸರಿಟ್ಟು, ಆನೆಗಳನ್ನೂ ಕಾಡುಮೃಗಗಳನ್ನೂ ಕಪ್ಪು ಬಿಳುಪಿನಲ್ಲಿ ತೆಗೆದರು. 1970ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತನ್ನ ಯಂತ್ರದ ಒಂದೊಂದು ತಿರುಪನ್ನೂ ಬಲ್ಲವನಿಗೆ ಅದು ಕೆಟ್ಟಿತೆಂಬ ಗಾಬರಿ ಅಷ್ಟಾಗಿ ಇರುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಕ್ಯಾಮೆರಾ ಎಂದೂ ಕೆಡುವುದೇ ಇಲ್ಲವೆಂದು ತಿಳಿಯಬಾರದು. ನಮ್ಮ ತರುಣರ ಎರಡನೆಯ ಲೆನ್ಸನ್ನು, ಯಾರೂ ದೂರಿರದ 50 ಮಿ.ಮೀ. ಚಿಕ್ಕ ಲೆನ್ಸನ್ನು, ಟಾರ್ಚಿನ ಬೆಳಕಿಗೆ ಹಿಡಿದ ನಮ್ಮ ಹಿರಿಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಎಳೆಗಳಂತೆ ಬಿಳಿಯ ಕವಲುಗಳು ಹರಡಿದ್ದವು. ಬೂಷ್ಟು ಹಿಡಿದಿತ್ತು.

ಚೆನ್ನೈಯಲ್ಲಿ ಕ್ಯಾಮೆರಾದ ನಿಜವಾದ ಶತ್ರು ಇದೇ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ಹೊಸ ಲೆನ್ಸಿನ ಒಳಗೂ ಇರುತ್ತವೆ. ಅವು ಮೊಳೆಯಲು ತೇವ ಬೇಕು, ತಿನ್ನಲು ತುಸು ಧೂಳೋ ಬೆರಳಿನ ಜಿಡ್ಡೋ ಒಳಗಿನ ಎಣ್ಣೆಯೋ ಸಾಕು. ಗಾಳಿಯ ತೇವಾಂಶ ನೂರಕ್ಕೆ ಅರವತ್ತರ ಮೇಲೆ ಬಹುಕಾಲ ನಿಂತರೆ ಕತ್ತಲೆಯ ಚೀಲದಲ್ಲಿ ಅದು ಬೆಳೆಯತೊಡಗುತ್ತದೆ. ಕಡಲು ಕೂಗಳತೆಯಲ್ಲಿರುವ ಈ ಊರಿನಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಮಳೆಯ ಕಾಲದಲ್ಲಿ ಬೆಳಗಿನ ಹೊತ್ತು ಎಂಬತ್ತನ್ನು ದಾಟುವುದು ಸಾಮಾನ್ಯ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದಲ್ಲಿ ಚರ್ಮದ ಚಪ್ಪಲಿ, ಪುಸ್ತಕದ ರಟ್ಟು ಏನಾಗುತ್ತವೆಂದು ಅವರು ಬಲ್ಲರು. ಮೊದಮೊದಲು ಬೂಷ್ಟು ಚಿತ್ರದಲ್ಲಿ ಕಾಣಿಸುವುದಿಲ್ಲ. ಬೆಳಕಿಗೆ ಎದುರಾಗಿ ತೆಗೆದಾಗ ಚಿತ್ರ ಪೇಲವವಾಗಿ, ಹಾಲು ಕಲಸಿದಂತೆ ಬರುತ್ತದೆ. ಬೆಳೆಯುತ್ತ ಹೋದಂತೆ ಅದು ಸ್ರವಿಸುವ ಆಮ್ಲ ಗಾಜಿನ ಮೇಲಿನ ತೆಳುಲೇಪವನ್ನು ಕೊರೆಯುತ್ತದೆ. ಬೇಗ ಕಂಡರೆ ಬಿಚ್ಚಿ ಒರಸಬಹುದು. ಲೇಪ ಹೋದ ಮೇಲೆ ಕಲೆ ಹೋಗುವುದಿಲ್ಲ.

ಉಪಾಯ ಹಳೆಯದೇ. ನಮ್ಮ ಅಜ್ಜಿಯರು ಉಪ್ಪು ಹುಣಸೆ ಬೀಜದ ಗಂಟುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಏಕೆ ಇಡುತ್ತಿದ್ದರು? ಅಲ್ಲಿ ಬೆಚ್ಚಗೆ, ಒಣಗಿ ಇರುತ್ತದೆ. ಅನುಕೂಲವಿದ್ದವರು ವಿದ್ಯುತ್ತಿನಿಂದ ನಡೆಯುವ ಡ್ರೈ ಕ್ಯಾಬಿನೆಟ್ ಕೊಳ್ಳಬಹುದು. ಉಳಿದವರಿಗೆ ರಬ್ಬರ್ ಪಟ್ಟಿಯ ಮುಚ್ಚಳವುಳ್ಳ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು. ಅದರೊಳಗೆ ಬಟ್ಟೆಯ ಚೀಲದಲ್ಲಿ ಸಿಲಿಕಾ ಜೆಲ್ ಹರಳು, ಪಕ್ಕದಲ್ಲಿ ತೇವಾಂಶ ತೋರಿಸುವ ಚಿಕ್ಕ ಮಾಪಕ ಇರಲಿ. ಮುಳ್ಳು ನಲವತ್ತರಿಂದ ಐವತ್ತರ ನಡುವೆ ನಿಲ್ಲಬೇಕು. ಮೂವತ್ತಕ್ಕಿಂತ ಕೆಳಗಿಳಿಸಿ ಅತಿಯಾಗಿ ಒಣಗಿಸುವುದೂ ಒಳಗಿನ ಎಣ್ಣೆಗೆ, ರಬ್ಬರಿಗೆ ಒಳ್ಳೆಯದಲ್ಲ. ನೀಲಿ ಹರಳು ನಸುಗೆಂಪಾದರೆ ನೀರು ಕುಡಿದು ತುಂಬಿದೆ ಎಂದರ್ಥ. ಸುಮಾರು 120 ಡಿಗ್ರಿ ಶಾಖದಲ್ಲಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ, ಆದರೆ ಅಡಿಗೆಯ ಬಾಣಲೆಯನ್ನು ಇದಕ್ಕೆ ಬಳಸಬೇಡಿ. ಅಕ್ಕಿಯಲ್ಲಿ ಹೂತಿಡುವ ಪದ್ಧತಿ ಕೆಲವರಲ್ಲಿದೆ. ಅಕ್ಕಿಯ ಹಿಟ್ಟು ಲೆನ್ಸಿನ ಸಂದಿಗೆ ಇಳಿದು ಬೂಷ್ಟಿಗೆ ಊಟವಾಗುತ್ತದೆ, ದಯವಿಟ್ಟು ಬಿಡಿ. ಚರ್ಮದ ಚೀಲದಲ್ಲಿ, ಬಟ್ಟೆಗಳ ನಡುವೆ ಬೀರುವಿನಲ್ಲಿ ಇಡಬಾರದು. ಬೂಷ್ಟು ಹಿಡಿದ ಲೆನ್ಸನ್ನು ಒಳ್ಳೆಯವುಗಳೊಡನೆ ಒಂದೇ ಡಬ್ಬಿಯಲ್ಲಿ ಇಡದಿರುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ ಯಂತ್ರವನ್ನು ವಾರಕ್ಕೊಮ್ಮೆಯಾದರೂ ಹೊರತೆಗೆದು ಬಳಸಿ. ಬಿಸಿಲಿಗೆ ಇಟ್ಟರೆ ಬೂಷ್ಟು ಸಾಯುವುದೆಂದು ಕೇಳಿ ಲೆನ್ಸನ್ನು ಮಹಡಿಯ ಮೇಲೆ ಇಡುವವರಿದ್ದಾರೆ. ಲೆನ್ಸ್ ಎಂದರೆ ಬೂದುಗಾಜು. ಬಟ್ಟೆಗೆ ಬೆಂಕಿ ಹತ್ತೀತು.

ತೇವದ ಇನ್ನೊಂದು ಮುಖ ನಮ್ಮ ಕಚೇರಿಗಳಿಂದಲೇ ಬರುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ 22 ಡಿಗ್ರಿಯಲ್ಲಿ ದಿನವಿಡೀ ಇದ್ದ ಕ್ಯಾಮೆರಾವನ್ನು ಸಂಜೆ ಹೊರಗೆ ತೆಗೆದೊಡನೆ ಗಾಜಿನ ಮೇಲೆ ಮಂಜು ಕೂರುತ್ತದೆ. ಇಲ್ಲಿಯ ಗಾಳಿ ಎಷ್ಟು ನೀರು ಹೊತ್ತಿದೆಯೆಂದರೆ ಸುಮಾರು 25 ಡಿಗ್ರಿಗೆ ತಣಿದರೇ ಹಲವು ದಿನ ಹನಿ ಕಟ್ಟುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವುದು ಇದೇ ಕಾರಣಕ್ಕೆ. ಆಗ ಒರಸಬೇಡಿ, ಲೆನ್ಸನ್ನು ಬಿಚ್ಚಲೇಬೇಡಿ, ಒಳಗೂ ಹನಿ ಕೂತೀತು. ಕಚೇರಿ ಬಿಡುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಹೊರಗೆ ಬಂದ ಮೇಲೆ ಅರ್ಧ ಗಂಟೆ ಹಾಗೆಯೇ ಬಿಟ್ಟರೆ ಯಂತ್ರ ಹೊರಗಿನ ಶಾಖಕ್ಕೆ ಹೊಂದಿಕೊಳ್ಳುತ್ತದೆ. ಮದುವೆ ಮಂಟಪದ ತಣ್ಣನೆಯ ಸಭಾಂಗಣದಿಂದ ಅಂಗಳದ ವರಪೂಜೆಗೆ ಓಡುವವರು ಇದನ್ನು ಮರೆಯಬಾರದು.

2015ರ ಡಿಸೆಂಬರಿನ ನೆರೆಯಲ್ಲೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲೂ ಈ ಸುತ್ತಿನ ನೆಲಮಹಡಿಗಳಿಗೆ ನೀರು ನುಗ್ಗಿತು. ನೀರಿಗೆ ಬಿದ್ದ ಕ್ಯಾಮೆರಾವನ್ನು ನಡೆಯುತ್ತದೆಯೋ ಎಂದು ಪರೀಕ್ಷಿಸಲು ಗುಂಡಿ ಒತ್ತುವುದೇ ಅದನ್ನು ಕೊಲ್ಲುವ ದಾರಿ. ಮೊದಲು ಬ್ಯಾಟರಿ ತೆಗೆಯಿರಿ, ಆಮೇಲೆ ಕಾರ್ಡ್ ತೆಗೆಯಿರಿ. ಒಣಗಿದ ಮೇಲೆ ಕಾರ್ಡಿನಲ್ಲಿರುವ ಚಿತ್ರಗಳು ಹೆಚ್ಚಾಗಿ ಉಳಿದಿರುತ್ತವೆ. ಯಂತ್ರವನ್ನು ರಿಪೇರಿಯವರಿಗೇ ಒಪ್ಪಿಸಬೇಕು.

ಚಿತ್ರದಲ್ಲಿ ಕಪ್ಪು ಚುಕ್ಕೆಗಳು ಬಂದರೆ ಅವು ಸೆನ್ಸರಿನ ಮೇಲಿನ ಧೂಳು. ಲೆನ್ಸಿನ ಮುಂದಿನ ಗಾಜಿನ ಮೇಲಿರುವ ಧೂಳು ಚಿತ್ರದಲ್ಲಿ ಕಾಣುವುದು ಅಪರೂಪ, ಡಿ.ಎಸ್.ಎಲ್.ಆರ್.ನ ಕಣ್ಣುಗಿಂಡಿಯಲ್ಲಿ ಕಾಣುವ ಧೂಳಂತೂ ಚಿತ್ರಕ್ಕೆ ಬರುವುದೇ ಇಲ್ಲ. ಕಿಂಡಿಯನ್ನು ಎಫ್ 16ಕ್ಕೆ ಕಿರಿದಾಗಿಸಿ, ಫೋಕಸ್ ತಪ್ಪಿಸಿ, ಬರಿಯ ಆಕಾಶವನ್ನು ತೆಗೆದು ನೋಡಿ, ಇದ್ದ ಚುಕ್ಕೆಯೆಲ್ಲ ಎದ್ದು ಕಾಣುತ್ತದೆ. ಲೆನ್ಸ್ ಚಿತ್ರವನ್ನು ತಲೆಕೆಳಗಾಗಿ ಬೀಳಿಸುವುದರಿಂದ ಚಿತ್ರದ ಮೇಲ್ಭಾಗದ ಚುಕ್ಕೆ ಸೆನ್ಸರಿನ ಕೆಳಭಾಗದಲ್ಲಿರುತ್ತದೆ. ಕ್ಯಾಮೆರಾದ ಒಳಗಿನ ಶುದ್ಧೀಕರಣ ವ್ಯವಸ್ಥೆಯನ್ನು ಮೊದಲು ನಡೆಸಿ, ಆಮೇಲೆ ಬಾಯನ್ನು ಕೆಳಕ್ಕೆ ಹಿಡಿದು ರಬ್ಬರ್ ಬುಡ್ಡೆಯಿಂದ ಗಾಳಿ ಹೊಡೆಯಿರಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಇಷ್ಟಕ್ಕೂ ಹೋಗದಿದ್ದರೆ ತಿಳಿದವರ ಕೈಗೆ ಕೊಡಿ.

ತೆರೆಯ ಮೇಲೆ ಮೂಡುವ ಗೂಢಾಕ್ಷರಗಳಿಗೂ ಹೆದರಬೇಕಾಗಿಲ್ಲ. ಕ್ಯಾನನ್ನಿನಲ್ಲಿ 'ಎರರ್ 01' ಎಂದು ಬಂದರೆ ಲೆನ್ಸಿನ ಮಾತು ಕ್ಯಾಮೆರಾಕ್ಕೆ ಕೇಳಿಸುತ್ತಿಲ್ಲ. ಯಂತ್ರ ಆರಿಸಿ, ಹೊಂಬಣ್ಣದ ಚುಕ್ಕೆಗಳನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರಸಿ ಮತ್ತೆ ಕೂರಿಸಿದರೆ ಅನೇಕ ವೇಳೆ ಸರಿಹೋಗುತ್ತದೆ. ಕಡಲಿನ ಉಪ್ಪುಗಾಳಿಯಲ್ಲಿ ತಿರುಗುವವರು ಇದನ್ನು ಆಗಾಗ ಮಾಡುವುದು ಒಳ್ಳೆಯದು. ನಿಕಾನಿನಲ್ಲಿ 'ಎಫ್ ಇ ಇ' ಎಂದು ಬಂದರೆ ಹಳೆಯ ಲೆನ್ಸಿನ ಕಿಂಡಿಯ ಬಳೆಯನ್ನು ಅತಿ ಕಿರಿದಾದ ಅಂಕಿಗೆ, ಎಂದರೆ 16 ಅಥವಾ 22 ಎಂಬಂಥ ದೊಡ್ಡ ಸಂಖ್ಯೆಗೆ, ತಿರುಗಿಸಿ ಬೀಗ ಹಾಕಬೇಕು, ಅಷ್ಟೆ. ಕಾರ್ಡಿಗೆ ಬರೆಯಲಾಗುತ್ತಿಲ್ಲವೆಂದರೆ ಮೊದಲು ಕಾರ್ಡಿನ ಪಕ್ಕದ ಪುಟ್ಟ ಗುಂಡಿ ಕೆಳಕ್ಕೆ ಜಾರಿದೆಯೇ ನೋಡಿ.

ಕಾರ್ಡಿನ ವಿಷಯದಲ್ಲಿ ಮಾತ್ರ ನಾವು ಕಟುವಾಗಿಯೇ ಹೇಳುತ್ತೇವೆ. ಲೆನ್ಸ್ ಕೆಟ್ಟರೆ ಹಣ ಹೋಗುತ್ತದೆ, ಕಾರ್ಡ್ ಕೆಟ್ಟರೆ ಇನ್ನೊಬ್ಬರ ಮದುವೆಯೇ ಹೋಗುತ್ತದೆ. ಪೇಟೆಯಲ್ಲಿ ಹೆಸರಾಂತ ಕಂಪೆನಿಗಳ ಕಾರ್ಡುಗಳ ನಕಲು ಧಾರಾಳವಾಗಿ ಸಿಗುತ್ತವೆ. ಬಿಲ್ಲಿಲ್ಲದ ಕಾರ್ಡನ್ನು ಕೊಳ್ಳಬೇಡಿ. ಎರಡು ಕಾರ್ಡಿಗೆ ಜಾಗವಿರುವ ಕ್ಯಾಮೆರಾದಲ್ಲಿ ಎರಡಕ್ಕೂ ಒಂದೇ ಚಿತ್ರ ಬರೆಯುವಂತೆ ಇಟ್ಟುಕೊಳ್ಳಿ. ಚಿತ್ರಗಳು ಅಳಿಸಿಹೋದವೆಂದು ತಿಳಿದ ಕ್ಷಣವೇ ಆ ಕಾರ್ಡನ್ನು ಹೊರತೆಗೆದು ಪಕ್ಕಕ್ಕಿಡಿ. ಅಳಿಸಿದಾಗ ಹೋಗುವುದು ಪುಸ್ತಕದ ಪರಿವಿಡಿ ಮಾತ್ರ, ಪುಟಗಳು ಇನ್ನೂ ಇರುತ್ತವೆ. ಅದರ ಮೇಲೆ ಮತ್ತೊಂದು ಚಿತ್ರ ತೆಗೆದರೆ ಪುಟವೂ ಹೋಯಿತು. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಇಂಥ ಪುಟಗಳನ್ನು ಹುಡುಕಿ ಕೊಡುತ್ತದೆ.

ಬಳಸಿದ ಯಂತ್ರ ಕೊಳ್ಳುವವರು ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಬೇಕು. ಕ್ಯಾಮೆರಾದ ಶಟರ್ ಎಷ್ಟು ಸಲ ಬಡಿದಿದೆಯೆಂದು ಕೇಳಬೇಕು. ಮೇಲ್ದರ್ಜೆಯವುಗಳಲ್ಲಿ ಕ್ಯಾನನ್ 5ಡಿ ಮಾರ್ಕ್ 4ಕ್ಕೆ 1,50,000, ನಿಕಾನ್ ಡಿ 850ಕ್ಕೆ 2,00,000 ಬಾರಿ ಎಂದು ತಯಾರಕರ ಅಂದಾಜು. ನಿಕಾನ್ ಚಿತ್ರಗಳಲ್ಲಿ ಆ ಲೆಕ್ಕ ಅಡಗಿರುತ್ತದೆ. ರಿಪೇರಿಗೆ ಕೊಡುವಾಗ ಕ್ಯಾಮೆರಾ ಮತ್ತು ಲೆನ್ಸಿನ ಕ್ರಮಸಂಖ್ಯೆಯನ್ನು ರಸೀದಿಯಲ್ಲಿ ಬರೆಸಿ, ದೋಷ ತೋರುವ ಚಿತ್ರವನ್ನೂ ತೋರದ ಚಿತ್ರವನ್ನೂ ಮುದ್ರಿಸಿ ಜೊತೆಗೆ ಇಡಿ. "ಏನೋ ಸರಿ ಇಲ್ಲ" ಎಂದು ಹೇಳುವವರಿಗೆ ಬೀಳುವ ಬಿಲ್ಲೂ "ಏನೋ ಒಂದು" ಆಗಿಯೇ ಇರುತ್ತದೆ.

ಹಾವೇರಿಯ ತರುಣರು ಚೀಟಿಯನ್ನು ಬೋರ್ಡಿಗೆ ಹಚ್ಚಲಿಲ್ಲ. 50 ಮಿ.ಮೀ. ಲೆನ್ಸನ್ನು ಬೇರೊಂದು ಅಂಗಡಿಯಲ್ಲಿ ಬಿಚ್ಚಿ ಒರಸಿಸಿದರು. ಅಂಚಿನಲ್ಲಿ ಎರಡು ಕಲೆ ಉಳಿದಿವೆ, ಬೆಳಕಿಗೆ ಎದುರಾಗಿ ಅದನ್ನು ಬಳಸುವುದಿಲ್ಲ. ತಂಗಿಯ ಮದುವೆಯಲ್ಲಿ ಧಾರೆಯ ಹೊತ್ತಿಗೆ ವಿದ್ಯುತ್ ಹೋಗಿ ಜನರೇಟರ್ ಹತ್ತುವವರೆಗೆ ತೆಗೆದ ಮೂರು ಚಿತ್ರಗಳು ಕಾಳುಕಾಳಾಗಿ ಬಂದವಂತೆ. ಐ.ಎಸ್.ಓ. ಅಂಕಿಯನ್ನು ಅಷ್ಟು ಏರಿಸಿದರೆ ಎಲ್ಲ ಯಂತ್ರದಲ್ಲೂ ಹಾಗೆಯೇ. ತಾಯಿಯವರಿಗೆ ಆ ಮೂರೇ ಹೆಚ್ಚು ಇಷ್ಟವಾಗಿವೆ ಎಂದು ಹೇಳಿದರು.

ಪಡಸಾಲೆಯ ಗೋಡೆಗೆ ಅಂಟಿಸಿದ ಪತ್ರಿಕೆಯ ಹಾಳೆಯನ್ನು ನಾವು ಕಿತ್ತಿಲ್ಲ. ಹತ್ತು ಮೀಟರಿಗೂ ಎರಡೂವರೆ ಮೀಟರಿಗೂ ನೆಲದ ಮೇಲೆ ಬಣ್ಣದ ಗೆರೆ ಎಳೆದಿದೆ. ಮುಕ್ಕಾಲಿ ಮತ್ತು ಟಾರ್ಚ್ ಕಪಾಟಿನಲ್ಲಿವೆ. ಭಾನುವಾರ ಹತ್ತರಿಂದ ಒಂದು ಗಂಟೆಯೊಳಗೆ ಬರುವವರು ಬ್ಯಾಟರಿ ತುಂಬಿಸಿಕೊಂಡು, ಖಾಲಿ ಕಾರ್ಡ್ ಹಾಕಿಕೊಂಡು ಬರಬೇಕು.